ಅತ್ತೆಗೆ ನಾನು ಕೊಟ್ಟ ರಜೆ

ಬನಹಟ್ಟಿ
೯ ಮೇ ೨೦೨೨, ಸೋಮವಾರ

ಅತ್ತೆಯವರಿಗೆ, ನಿಮ್ಮ ಸೊಸೆ ಸಂಧ್ಯಾ ಪಾದ ಮುಟ್ಟಿ ಮಾಡುವ ಶರಣು.

ಫೋನಿನಲ್ಲಿ ನೀವು ಮಾತಾಡುವುದೇ ಇಲ್ಲ. ‘ಆರಾಮದೀನಿ, ಉಂಡೇನಿ, ಬಿಲ್ ಏರತೈತಿ, ಇಡ’ ಅಂದು ಇಟ್ಟುಬಿಡುತ್ತೀರಿ. ನಿಮ್ಮ ಮಗ ಇವತ್ತು ಹಿಪ್ಪರಗಿಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅಲ್ಲಿ ನಿಮ್ಮ ಮಗಳ ಮಗಳು ಕಾವ್ಯ ಓದಿ ಹೇಳಲಿ. ಪತ್ರ ಕೇಳುವಾಗ ಎದ್ದು ಹೋಗುವುದಕ್ಕೆ ಬಿಲ್ಲಿನ ನೆಪ ಇರುವುದಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಪಕ್ಕದ ಗಿರಮಲ್ಲಪ್ಪನ ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಖಟಖಟ ಅನ್ನುತ್ತವೆ. ದಿನಾ ನಿಮ್ಮನ್ನು ಕೇಳುತ್ತಾನೆ. ‘ಕಾಕಿ ಯಾವಾಗ ಬರತಾರ್ರೀ ಟೀಚರ್? ಬೈಯಾವ್ರ ಇಲ್ಲದ ಕೆಲಸಾ ಮಾಡಾಕ ಮನಸ ಬರವಲ್ದು’ ಅನ್ನುತ್ತಾನೆ. ನೆನಪಿದೆಯಲ್ಲ, ಲಾಕ್‌ಡೌನ್ ಸಡಿಲಾಗಿ ಅವನ ಮಗ್ಗ ಮತ್ತೆ ಶುರುವಾದಾಗ ನಾನು ಇನ್ನೂ ಮನೆಯಿಂದಲೇ ಪಾಠ ಮಾಡುತ್ತಿದ್ದೆ. ಹಿಟ್ಟು ಹತ್ತಿದ ಕೈಯಲ್ಲೇ ನೀವು ಅವನ ಬಾಗಿಲಿಗೆ ಹೋಗಿದ್ದಿರಿ. ‘ನಮ್ಮ ಸೊಸಿದು ಸಾಲಿ ನಡದೈತಿ. ಒಂದ ತಾಸ ಬಂದ್ ಮಾಡಿದ್ರ ನಿನ್ನ ಸೀರಿ ಏನ ಹಳಸತಾವೇನೋ ಗಿರಮಲ್ಲಾ?’ ಅಂದಿರಿ. ‘ಸೀರಿ ಹಳಸೂದಿಲ್ಲ ಕಾಕಿ, ನನ್ನ ಹೊಟ್ಟಿ ಹಳಸತೈತಿ’ ಅಂದ ಅವನು. ಆದರೂ ನಿಲ್ಲಿಸಿದ.

ನೀವು ಅಷ್ಟು ಕಾಪಾಡಿಕೊಟ್ಟ ಶಾಲೆಯನ್ನು ನಾನು ಯಾಕೆ ಬಿಟ್ಟೆ ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ಪಾಠ ಮಾಡುತ್ತಿದ್ದೆ. ಪರದೆಯ ಮೇಲೆ ಮಕ್ಕಳ ಮುಖ ಇರುತ್ತಿರಲಿಲ್ಲ, ಹೆಸರು ಮಾತ್ರ. ಒಂದು ದಿನ ಶುರುವಿನಲ್ಲೇ ನೆಟ್‌ವರ್ಕ್ ಹೋಗಿತ್ತಂತೆ. ನನಗೆ ತಿಳಿಯಲಿಲ್ಲ. ಇಡೀ ಪಾಠ ಮುಗಿಸಿ, ಅರ್ಥವಾಯಿತೇ ಅಂತ ಕೇಳಿ, ಒಳ್ಳೆಯದು ಅಂದು ಫೋನು ಬಂದ್ ಮಾಡಿದೆ. ಮಧ್ಯಾಹ್ನ ಒಬ್ಬ ತಾಯಿ ಫೋನ್ ಮಾಡಿ ‘ಇವತ್ತ ಕ್ಲಾಸ್ ಇರಲಿಲ್ಲೇನ್ರಿ ಮೇಡಂ?’ ಅಂದಳು. ನನ್ನನ್ನು ಹೆದರಿಸಿದ್ದು ನೆಟ್‌ವರ್ಕ್ ಅಲ್ಲ, ಆ ದಿನಕ್ಕೂ ಉಳಿದ ದಿನಗಳಿಗೂ ನನಗೆ ಯಾವ ವ್ಯತ್ಯಾಸವೂ ಕಾಣದೇ ಇದ್ದದ್ದು. ಮಕ್ಕಳು ಮಾಸ್ಕ್ ಹಾಕಿಕೊಂಡು ಎದುರಿಗೆ ಬಂದು ಕೂತ ಮೇಲೆ ಸರಿಹೋಗುತ್ತದೆ ಅಂದುಕೊಂಡು ಮತ್ತೆ ಜಮಖಂಡಿಯ ಶಾಲೆಗೆ ಬಸ್ ಹತ್ತಿದೆ. ಸರಿಹೋಗಲಿಲ್ಲ. ಗಣೇಶ ಹಬ್ಬ ಮುಗಿದ ಮೇಲೆ ರಾಜೀನಾಮೆ ಕೊಟ್ಟೆ. ಅಳುವೂ ಬರಲಿಲ್ಲ, ಹಗುರವೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ನೀವು ಎಂದಿನಂತೆ ನನ್ನ ಡಬ್ಬಿ ಕಟ್ಟಿದಿರಿ. ರೊಟ್ಟಿ, ಎಣ್ಣೆಗಾಯಿ, ಒಂದು ಮೂಲೆಯಲ್ಲಿ ಅಗಸಿ ಹಿಂಡಿಯ ಚಟ್ನಿಪುಡಿ. ಬಾಗಿಲ ಹತ್ತಿರದ ಗೂಡಿನಲ್ಲಿಟ್ಟು ‘ಬಸ್ಸಿನ ಹೊತ್ತಾತು’ ಅಂದಿರಿ. ಮರೆತಿರೋ, ಮರೆತ ಹಾಗೆ ಮಾಡಿದಿರೋ, ಈಗಲೂ ಗೊತ್ತಿಲ್ಲ. ನಾನು ಡಬ್ಬಿ ತೆಗೆದುಕೊಂಡು ಮೇಲಿನ ಕೋಣೆಗೆ ಹೋದೆ. ಮಧ್ಯಾಹ್ನ ಶಾಲೆಯಲ್ಲಿ ಊಟದ ಗಂಟೆ ಹೊಡೆಯುವ ಹೊತ್ತಿಗೆ ಬಿಚ್ಚಿ ಉಂಡೆ. ಅದರ ಮರುದಿನವೂ ಹಾಗೆಯೇ ಆಯಿತು. ದೀಪಾವಳಿ ದಾಟಿತು, ಸಂಕ್ರಾಂತಿ ಬಂತು, ಆಗಲೂ ನೀವು ಕಟ್ಟುತ್ತಿದ್ದಿರಿ, ನಾನು ಒಯ್ಯುತ್ತಿದ್ದೆ. ನಿಮ್ಮ ಮಗ ನೋಡಿ ‘ಇಬ್ಬರಿಗೂ ತಲಿ ಕೆಟ್ಟೈತೇನು?’ ಅಂದರು. ಅದಕ್ಕೆ ನೀವು, ‘ನಿನಗ ಡಬ್ಬಿ ಇಲ್ಲಂತ ಹೊಟ್ಟಿಕಿಚ್ಚೇನು?’ ಅಂದಿರಿ.

ಹಾಗೆಯೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನಗೆ ನಾಚಿಕೆ ಬಂತು. ಆಚೆ ಮನೆಯ ಕೆಂಪವ್ವ, ‘ಸೊಸಿ ನೌಕರಿ ಬಿಟ್ಟ ಮನ್ಯಾಗ ಕುಂತಾಳ, ಅತ್ತಿ ಇನ್ನೂ ರೊಟ್ಟಿ ಬಡ್ಯಾಕತ್ತಾಳ’ ಅಂದದ್ದು ಕಿವಿಗೆ ಬಿತ್ತು. ಸಂಕ್ರಾಂತಿಯ ಮರುದಿನ ನಿಮಗಿಂತ ಮೊದಲು ಎದ್ದು ಹಿಟ್ಟು ನಾದಿದೆ. ನೀವು ಅಡುಗೆಮನೆಗೆ ಬಂದಾಗ, ‘ಇಷ್ಟ ವರ್ಷ ದುಡದೀರಿ, ಇನ್ನ ಕೂಡ್ರಿ ಅತ್ತೀ’ ಅಂದೆ. ನೀವು ಬಾಗಿಲಿನಿಂದಲೇ ತಿರುಗಿದಿರಿ. ಆಮೇಲೆ ಹೋಗಿ ಕೂತಿರಿ. ನನ್ನ ರೊಟ್ಟಿ ದಪ್ಪ, ಅಂಚು ಸೀಳಿದ್ದವು, ನಡುವೆ ಹಸಿ. ನೀವು ಉಂಡು ‘ಛಲೋ ಆಗ್ಯಾವ’ ಅಂದಿರಿ. ಈ ಮನೆಗೆ ಬಂದಾಗಿನಿಂದ ನಾನು ಕೆಡಿಸಿದ್ದನ್ನು ನೀವು ಕೆಟ್ಟಿದೆ ಅನ್ನದೆ ಬಿಟ್ಟದ್ದು ಅದೇ ಮೊದಲು. ಆಗಲೇ ನನಗೆ ತಿಳಿಯಬೇಕಿತ್ತು.

ಒಂದು ವಾರ ಕೂತಿರಿ. ಟಿವಿ ಹಚ್ಚಲಿಲ್ಲ, ಕೆಂಪವ್ವನ ಕಟ್ಟೆಗೂ ಹೋಗಲಿಲ್ಲ. ಆಮೇಲೆ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, ‘ಹಿಪ್ಪರಗ್ಯಾಗ ಮಗಳ ಎಮ್ಮಿ ಈದೈತಿ, ಆಕಿ ಒಬ್ಬಾಕಿಗೆ ಆಗೂದಿಲ್ಲ’ ಅಂತ ಹೊರಟಿರಿ. ಮಗಳ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಣ್ಣಬಾರದು ಅಂತ ಊರಿಗೆಲ್ಲ ಹೇಳುತ್ತಿದ್ದವರು ನೀವು. ಬೇಸಿಗೆ ಬಂತು, ನೀವು ಬರಲಿಲ್ಲ.

ಆಗ ನಾನು ಲೆಕ್ಕ ತಪ್ಪಿದ್ದೆಲ್ಲಿ ಅಂತ ಯೋಚಿಸಲು ಶುರುಮಾಡಿದೆ. ಯೋಚಿಸುವುದಕ್ಕೆ ಈಗ ಹೊತ್ತಿಗೆ ಕೊರತೆಯಿಲ್ಲ. ನೌಕರಿ ಬಿಡುವ ಮುನ್ನ ಹೆಡ್ ಮೇಡಂ ಜೊತೆ ಮಾತಾಡಿದೆ, ನಿಮ್ಮ ಮಗನನ್ನು ಕೇಳಿದೆ. ನಿಮ್ಮನ್ನು ಕೇಳುವುದು ಹೊಳೆಯಲೇ ಇಲ್ಲ. ನಾನು ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಸಂಬಳ ನನ್ನ ಹೆಸರಿಗೆ ಬರುತ್ತಿತ್ತು, ಆದ್ದರಿಂದ ನೌಕರಿ ನನ್ನದು ಅಂದುಕೊಂಡಿದ್ದೆ. ನಾನು ಮನೆಯಲ್ಲಿ ಕೂತ ದಿನ ನಿಮ್ಮ ಕೈಯಿಂದ ಏನು ಹೋಯಿತು ಅಂತ ನೋಡಲಿಲ್ಲ. ಉಳಿದದ್ದನ್ನೂ ‘ಕೂಡ್ರಿ’ ಅಂದು ನಾನೇ ತೆಗೆದುಕೊಂಡೆ. ಅದು ಪ್ರೀತಿಯೇ ಆಗಿತ್ತೇ? ಅಥವಾ ಏನೂ ಮಾಡದೆ ಕೂರುವುದಕ್ಕೆ ನನಗೊಬ್ಬರು ಜೊತೆ ಬೇಕಾಗಿತ್ತೇ? ಎರಡೂ ಇರಬಹುದು.

ಬಂದುಹೋಗುವವರು ಕೇಳುತ್ತಾರೆ, ‘ಬ್ಯಾಸರ ಆಗಾಂಗಿಲ್ಲೇನ್ರಿ ಟೀಚರ್?’ ಅಂತ. ಬೇಸರವಾಗಿದ್ದರೆ ಗೊತ್ತಾಗುತ್ತಿತ್ತು. ಬಟ್ಟೆ ಮಡಚುತ್ತೇನೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತೇನೆ. ಮಗ್ಗದ ಸದ್ದು ಒಮ್ಮೊಮ್ಮೆ ನಿಲ್ಲುತ್ತದೆ, ನಿಂತದ್ದು ಬಹಳ ಹೊತ್ತಿನ ಮೇಲೆ ತಿಳಿಯುತ್ತದೆ.

ಇನ್ನೊಂದು ವಿಷಯ. ಹೋದ ವಾರ ಹೆಡ್ ಮೇಡಂ ಫೋನ್ ಮಾಡಿದ್ದರು. ಬರುವ ಸೋಮವಾರ ಶಾಲೆ ಶುರುವಾಗುತ್ತದೆ, ನನ್ನ ಜಾಗ ಖಾಲಿಯೇ ಇದೆ, ವಾಪಸ್ ಬನ್ನಿ ಅಂದರು. ಹೂಂ ಅಂದಿದ್ದರೆ ನಿಮಗೆ ಬರುವುದಕ್ಕೆ ಒಂದು ಕಾರಣ ಸಿಗುತ್ತಿತ್ತು, ಮೊದಲಿನ ಹಾಗೆ ಎಲ್ಲ ನಡೆಯುತ್ತಿತ್ತು. ನಾನು ಬೇಡ ಅಂದುಬಿಟ್ಟೆ. ಆ ತರಗತಿಯಲ್ಲಿ ನಿಂತು ಮತ್ತೆ ಯಾರಿಗೂ ಕೇಳಿಸದ ಹಾಗೆ ಮಾತಾಡಲಾರೆ.

ಹಾಗಾಗಿ ನಿಮ್ಮನ್ನು ಕರೆಯುವುದಕ್ಕೆ ನನ್ನ ಹತ್ತಿರ ಕಾರಣವಿಲ್ಲ. ರೊಟ್ಟಿಗೆ ಬನ್ನಿ ಅಂದರೆ ಸುಳ್ಳಾಗುತ್ತದೆ, ಈಗ ನನ್ನ ರೊಟ್ಟಿ ಸೀಳುವುದಿಲ್ಲ. ವಿಶ್ರಾಂತಿಗೆ ಬನ್ನಿ ಅನ್ನುವ ಧೈರ್ಯವಿಲ್ಲ. ಸುಮ್ಮನೆ ಬನ್ನಿ. ನಾನಿದ್ದೇನೆ ಅಂತ ಬನ್ನಿ. ಬೈಯುವುದಿದ್ದರೆ ಬೈಯಿರಿ.

ನಿಮ್ಮ ಸೊಸೆ,
ಸಂಧ್ಯಾ

ತಾ.ಕ.: ಕಾವ್ಯಾ, ಇಲ್ಲಿಂದ ಮುಂದಿನದು ನಿನಗೆ ಮಾತ್ರ, ಗಟ್ಟಿಯಾಗಿ ಓದಬೇಡ. ಶಾಲೆಗೆ ನಾನು ಇನ್ನೂ ಬೇಡ ಅಂದಿಲ್ಲ. ಶನಿವಾರದವರೆಗೆ ಹೆಡ್ ಮೇಡಂ ಕಾಯುತ್ತಾರೆ. ಓದಿ ಮುಗಿಸಿದ ಮೇಲೆ ಅಜ್ಜಿ ಮೊದಲು ಏನು ಅಂದರು ಅಂತ ಫೋನ್ ಮಾಡಿ ಹೇಳು. ‘ಆಕಿ ಹ್ಯಾಂಗದಾಳ?’ ಅಂತ ಕೇಳಿದರೆ ಮೇಡಂಗೆ ಬೇಡ ಅಂದು, ನಾನು ಬರೆದದ್ದನ್ನು ನಿಜ ಮಾಡುತ್ತೇನೆ. ‘ಸಾಲಿ ಯಾಕ ಬ್ಯಾಡಂದ್ಲು?’ ಅಂದರೆ, ಅಥವಾ ಏನೂ ಅನ್ನದೆ ಎದ್ದು ಹೋದರೆ, ಸೋಮವಾರ ನಾನು ಬಸ್ ಹತ್ತುತ್ತೇನೆ. ‘ಹೋಗಾಕ ಮನಸೈತೇನ ಅತ್ತೀ?’ ಅಂತ ನೀನು ನನ್ನನ್ನು ಕೇಳಬೇಡ. ಅವರು ಈ ಮನೆಯಲ್ಲಿರಬೇಕು, ಅಷ್ಟೇ ಗೊತ್ತಿದೆ.