ಗಾಡಿಗೆ ಎರಡು ಪೆಟ್ಟು

ಘೋಡಗೇರಿ
೧೪ ಸೆಪ್ಟೆಂಬರ್ ೨೦೨೫

ಮೂಡಲಗಿಯೊಳಗ ಅಕ್ಕನ ಮನಿ ಹಿಡದು ಕುಂತ ನಮ್ಮ ಯಜಮಾನರಿಗೆ, ನಂದಾ ಮಾಡುವ ನಮಸ್ಕಾರ.

ನಾವೆಲ್ಲ ಆರಾಮ ಅದೇವಿ ಅಂತ ಬರೆಯೂದು ರೂಢಿ. ನಾ ಬರೆಯಂಗಿಲ್ಲ. ನೀವು ಸಿಟ್ಟು ಮಾಡಿಕೊಂಡು ಹೋಗಿ ಹನ್ನೊಂದು ದಿನ ಆತು. ಫೋನ್ ಹಚ್ಚಿದರ ರೇಂಜ್ ಇಲ್ಲ ಅಂತ ಇಟ್ಟುಬಿಡತೀರಿ. ಮೂಡಲಗಿ ಪ್ಯಾಟಿ ನಟ್ಟನಡುವ ರೇಂಜ್ ಇಲ್ಲೇನ್ರಿ? ಅದಕ್ಕ ಈ ಪತ್ರ. ಅಕ್ಕಾರ ಕಡೆ ಓದಸಬ್ಯಾಡ್ರಿ, ನೀವ ಓದ್ರಿ.

ಹತ್ತರಗಿ ಶೋರೂಮಿನ್ಯಾಗ ನಾ ನಿಮ್ಮ ಮರ್ಯಾದಿ ಕಳದೆ ಅಂತ ಅಕ್ಕನ ಮುಂದ ಹೇಳೀರಂತ. ಹೆಂಗಸಿಗೆ ಟ್ರಕ್ಕಿಂದು ಏನು ತಿಳೀತೈತಿ, ಕರೆಂಟಿನ ಗಾಡೀನ ಬೇಕು ಅಂತ ಹಟ ಹಿಡದಾಳ ಅಂದೀರಂತ. ಹದಿನಾರು ವರ್ಷ ನಿಮ್ಮ ಡಬ್ಬಿ ಕಟ್ಟೇನಿ, ನಡುದಾರಿಯೊಳಗ ಪಂಕ್ಚರ್ ಆದಾಗ ಜಾಕ್ ಹಿಡದೇನಿ. ತಿಳೀತೈತ್ರಿ ನನಗೂ. ನೀವು ಹೇಳಿದ್ದು ಖರೆನೂ ಐತಿ. ಡೀಸೆಲ್ ಗಾಡಿ ಕೆಟ್ಟರ ಗೋಕಾಕದ ಮಿಸ್ತ್ರಿ ಬಂದು ನಿಂತಲ್ಲೇ ಬಿಚ್ಚತಾನ, ಕರೆಂಟಿಂದು ಕೆಟ್ಟರ ಕಂಪನಿ ಮಂದಿ ದಾರಿ ಕಾಯಬೇಕು. ಬ್ಯಾಟರಿ ಭಾರಕ್ಕ ಕಬ್ಬಿನ ಲೋಡ್ ಕಡಿಮಿ ಆಗತೈತಿ. ನಮ್ಮೂರ ಕರೆಂಟ್ ಯಾವಾಗ ಬರತೈತೋ ಯಾವಾಗ ಹೋಗತೈತೋ ಆ ದೇವರಿಗೇ ಗೊತ್ತು. ಇಷ್ಟ ಮಾತಾಗಿದ್ದರ ನಾ ಕಣ್ಣು ಮುಚ್ಚಿ ಡೀಸೆಲ್ ಗಾಡಿ ಕಾಗದಕ್ಕ ಸಹಿ ಹಾಕತಿದ್ದೆ. ತವರಿನವರು ಕೊಟ್ಟ ಹೊಲ ನಾ ಗಾಡಿ ಸಲುವಾಗೇ ಮಾರಿದ್ದು.

ಆದರ ನೀವು ಟ್ರಯಲ್ ನೋಡಾಕ ಕರೆಂಟಿನ ಗಾಡಿ ಏರಿದಿರಿ. ಸಪ್ಪಳಿಲ್ಲ, ಹೊಗಿ ಇಲ್ಲ. ಹಿಂದಕ್ಕ ತಗೋವಾಗ ಶೋರೂಮಿನಾವ ಹಿಂದ ನಿಂತು ನಿಲ್ರಿ, ನಿಲ್ರಿ ಅಂತ ಒದರಿದ. ದೂರ ನೆರಳಿಗೆ ನಿಂತಾಕಿ, ನನಗ ಕೇಳಿಸ್ತು. ನಿಮಗ ಕೇಳಲಿಲ್ಲ. ಅವ ಜಿಗದು ಪಾರಾದ. ನಾ ಓಡಿ ಬಂದು ಗಾಡಿಗೆ ಅಂಗೈಲೆ ಎರಡು ಪೆಟ್ಟು ಬಡದೆ. ಆಗ ಗಕ್ಕನ ಬ್ರೇಕ್ ಹಾಕಿದಿರಿ.

ಗಾಡಿಯವರ ರಿವಾಜು ನನಗ ಗೊತ್ತಿಲ್ಲೇನು? ಹಿಂದಕ್ಕ ತಗೋವಾಗ ಕ್ಲೀನರ್ ಒಂದು ಪೆಟ್ಟು ಬಡದರ ಬಾ, ಎರಡು ಬಡದರ ನಿಲ್ಲು. ಆ ಪೆಟ್ಟು ಸ್ಟೇರಿಂಗ್ ಹಿಡದ ಕೈಗೆ ತಿಳೀತೈತಿ, ಕಿವಿ ಬೇಕಾಗಂಗಿಲ್ಲ. ಎಷ್ಟು ವರ್ಷದಿಂದ ಹಿಂಗ ನಡಸೀರಿ ಹೇಳ್ರಿ. ಅಲ್ಲೇ ಎಲ್ಲಾರ ಮುಂದ, ನಿಮಗ ಕಿವಿ ಕೇಳಂಗಿಲ್ಲ ಅಂದುಬಿಟ್ಟೆ. ಎಲ್ಲಾರ ಮುಂದ ಅಂದದ್ದು ನನ್ನ ತಪ್ಪು. ಅಂದ ಮಾತು ತಪ್ಪಲ್ಲ.

ಹೋದ ಹಂಗಾಮಿನ್ಯಾಗ ಹೊಳೆಪ್ಪಕಾಕಾನ ಹೊಲದಾಗ ಕಬ್ಬು ಕಡಿಯಾಕ ಬಂದ ಸಾತವ್ವನ ಕಾಲ ಮ್ಯಾಲ, ನೀವು ಹಿಂದಕ್ಕ ತಗೋವಾಗ, ನಮ್ಮ ಗಾಡಿ ಗಾಲಿ ಹೋತು. ಅವತ್ತು ಕ್ಲೀನರ್ ಬಂದಿರಲಿಲ್ಲ, ಡಬ್ಬಿ ತಂದ ನಾನೇ ನಿಮ್ಮ ಬಾಜೂಕ ಕುಂತಿದ್ದೆ. ಕಬ್ಬಿನ ಒಣ ಗರಿಯ ರವದಿಯೊಳಗ ಆಕಿ ಕಾಲು ಸಿಕ್ಕಿತ್ತು. ಗಾಡಿ ಬಡಿಯೂ ರಿವಾಜು ಆಕಿಗೇನು ಗೊತ್ತು ಪಾಪ, ಬಾಯಿಲೆ ಒದರಿದಳು. ಇಂಜಿನ್ ಸಪ್ಪಳದಾಗ ಕೇಳಲಿಲ್ಲ ಅಂದಿರಿ. ನನಗೂ ಕೇಳಲಿಲ್ಲ ಅಂತ ನಾ ಪಂಚರ ಮುಂದ ಹೇಳಿದೆ. ಗಾಡಿ ಹಿಂದ ಆಕಿ ಹೋಗಿ ನಿಂತಿದ್ದ ತಪ್ಪು ಅಂತ ಆತು. ಈಗ ಕೋಲು ಊರಕೋತ ಅಡ್ಡಾಡತಾಳ, ಯಾರೂ ಕೆಲಸಕ್ಕ ಕರೆಯಂಗಿಲ್ಲ.

ನಿಮಗ ಡೀಸೆಲ್ ಯಾಕ ಬೇಕು ಅನ್ನೂದು ಶೋರೂಮಿನ್ಯಾಗ ನನಗ ತಿಳೀತು. ಕರೆಂಟಿನ ಗಾಡಿಯೊಳಗ ತಪ್ಪು ಹೊರಸಾಕ ಸಪ್ಪಳ ಇರಂಗಿಲ್ಲ. ಮೊನ್ನೆ ನಾನ ಒಬ್ಬಾಕಿ ಹೋಗಿ ಅದಕ್ಕ ಸಹಿ ಹಾಕಿ ಬಂದೇನಿ. ಸೊಕ್ಕು ಅನ್ರಿ, ಏನರ ಅನ್ರಿ. ಶುಕ್ರವಾರ ಗೋಕಾಕದ ಕಿವಿ ಡಾಕ್ಟರ ಕಡೆ ನಂಬರ್ ಹಚ್ಚೇನಿ. ಬಂದು ತೋರಿಸಿಕೊಂಡು ಕಿವಿಗೆ ಮಿಷನ್ ಹಾಕ್ಕೊಂಡರ ಸ್ಟೇರಿಂಗ್ ನಿಮ್ಮದು. ಇಲ್ಲಂದರ ಬ್ಯಾರೆ ಡ್ರೈವರ್‌ನ ಇಡತೇನಿ.

ನಾಳೆ ಸಾತವ್ವನ ಮನಿಗೆ ಹೋಗಿ ಖರೆ ಹೇಳತೇನಿ. ನಿಮ್ಮ ಹೆಸರು ಹಾಳಾಗತೈತಿ, ಗೊತ್ತೈತಿ. ಆದರ ಬಾಜೂಕ ಮಲಗೂ ಹೆಂಡತಿಗೆ ಸೈತ ಒಂದು ಮಾತು ಹೇಳಲಿಲ್ಲಲ್ರಿ ನೀವು! ನಾ ಮಾತಾಡಿದಾಗೆಲ್ಲ ಹೂಂ ಅಂತಿದ್ದಿರಿ. ಯಾವುದು ಕೇಳಿ ಹೂಂ ಅಂದಿರಿ, ಯಾವುದು ಕೇಳದ ಅಂದಿರಿ ಅಂತ ಈಗ ಒಬ್ಬಾಕಿ ಕುಂತು ಒಂದೊಂದ ನೆನಸಾಕತ್ತೇನಿ.

ಬಂದರೂ ಬರದಿದ್ದರೂ ನಿಮ್ಮಾಕಿನೇ,
ನಂದಾ

ತಾ.ಕ.: ಸಾತವ್ವಗ ಹೇಳೂ ಮೊದಲ ನಿಮಗ ಹೇಳಬೇಕು. ಪಂಚರ ಮುಂದ ನಾ ಹೇಳಿದ್ದು ಸುಳ್ಳು. ಆಕಿ ಮೂರು ಸಲ ಒದರಿದ್ದು ನನಗ ಕೇಳಿತ್ತು. ನಿಮಗೂ ಕೇಳೈತಿ, ಈಗ ನಿಲ್ಲಸತಾರ ಅಂತ ಸುಮ್ಮನ ಕುಂತೆ. ನಿಮಗ ಕಿವಿ ಇಲ್ಲ ಅನ್ನೂದು ನನಗ ಶೋರೂಮಿನ್ಯಾಗ ಅಲ್ಲ, ಅವತ್ತೇ ತಿಳೀತು. ಹತ್ತು ತಿಂಗಳು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅವತ್ತು ಎರಡು ಪೆಟ್ಟು ಬಡಿಯಾಕ ನಿಮ್ಮ ತೋಳು ನನ್ನ ಕೈಗೆ ಸಿಗತಿತ್ತು.