ಪ್ರೇಮಲೀಲಾ ಹೆಸರಿನಲ್ಲಿ ಒಳಗೆ ಬಂದವರು

ಮೈಸೂರು
೧೭ ನವೆಂಬರ್ ೨೦೨೫, ಸೋಮವಾರ

ಗೆಳೆಯ ಸಿದ್ದಮಲ್ಲಪ್ಪನಿಗೆ ಶರಣು.

ನಿನ್ನ ಕಾಗದ ಬಂದ ಮೇಲೆ ದಸರೆ ಕಳೆಯಿತು, ದೀಪಾವಳಿಯೂ ಕಳೆಯಿತು. ಉತ್ತರ ಬರೆಯದ್ದಕ್ಕೆ ಬೈದುಕೋ, ಆದರೆ ಫೋನ್ ಮಾಡಿ ಬೈಯಬೇಡ. ನಿನ್ನ ಕಿವಿಯ ಮೆಷಿನ್ನು ಕುಂಯ್ ಅನ್ನುತ್ತದೆ, ನಾನು ಕಿರುಚುತ್ತೇನೆ, ಪಕ್ಕದ ಮನೆಯವರು ಏನೋ ಜಗಳವೆಂದು ಬಾಗಿಲಿಗೆ ಬರುತ್ತಾರೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರಲ್ಲ, 'ಐ ಯಾಮ್ ಇನ್ ರಿಸೀಟ್ ಆಫ್ ಯುವರ್ ಲೆಟರ್' ಎಂದು ಶುರುವಾಗಿ 'ಆಬ್ಲೈಜ್' ಎಂದು ಮುಗಿಯುವ ವಾಕ್ಯ? ನಡುವೆ ಏನಿತ್ತೋ ಮರೆತೇ ಹೋಗಿದೆ. ನಡುವಿನದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಆರೋಗ್ಯ ಪರವಾಗಿಲ್ಲ. ಮಂಡಿ ಹಿಡಿದುಕೊಂಡಿದೆ, ಬೆಟ್ಟಕ್ಕೆ ಹೋಗುವುದಾದರೆ ಬಸ್ಸೇ. ಹೂಟಗಳ್ಳಿಯ ತಕ್ಕಡಿ ಕಂಪನಿಗೆ ಇನ್ನೂ ಹೋಗುತ್ತಿದ್ದೇನೆ. ಹಳೇ ಯಜಮಾನರ ಮಗ ಶಿವಪ್ರಕಾಶ್, 'ಅಂಕಲ್, ನೀವು ಬರ್ದೇ ಇದ್ರೆ ಆಫೀಸು ಆಫೀಸಿನ ಥರ ಇರಲ್ಲ' ಅನ್ನುತ್ತಾನೆ. ಹೋಗದಿದ್ದರೆ ನನಗೂ ಮನೆ ಮನೆಯ ಥರ ಇರುವುದಿಲ್ಲ, ಅದು ಬೇರೆ ಮಾತು.

ಈ ಸಲ ನನ್ನ ತಲೆ ತಿಂದದ್ದು ಸರ್ವರ್ ಎಂಬ ಪೆಟ್ಟಿಗೆ. ನಮ್ಮದು ಎಲೆಕ್ಟ್ರಾನಿಕ್ ತಕ್ಕಡಿ ಮಾರುವ, ರಿಪೇರಿ ಮಾಡುವ, ಅವಧಿ ಮುಗಿದಾಗ ಸರ್ಕಾರಿ ಮುದ್ರೆ ಹಾಕಿಸಿ ಕೊಡುವ ವ್ಯವಹಾರ. ಹುಡುಗರು ಬೈಕಿನಲ್ಲಿ ಹುಣಸೂರು, ಮಡಿಕೇರಿ, ಕೊಳ್ಳೇಗಾಲ ಸುತ್ತುತ್ತಾರೆ. ಯಾವ ಅಂಗಡಿಯ ಮುದ್ರೆ ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಈ ಪೆಟ್ಟಿಗೆಯಲ್ಲಿದೆ; ಅವರು ಮೊಬೈಲಿನಿಂದ ಅದರೊಳಗೆ ಬಂದು ನೋಡಿಕೊಳ್ಳುತ್ತಾರೆ. ಪೆಟ್ಟಿಗೆ ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಸುತ್ತ ಹಲ್ಲಿಯ ಹಿಕ್ಕೆ, ಸುಟ್ಟ ಧೂಳಿನ ವಾಸನೆ. ಅದು ಬೆಚ್ಚಗಿರುತ್ತದೆಂದು ಯಾವನೋ ಪುಣ್ಯಾತ್ಮ ಅದರ ತಲೆಯ ಮೇಲೆ ಊಟದ ಡಬ್ಬಿ ಇಡುತ್ತಿದ್ದ. ಹುಳಿ ಸೋರಿ ಒಳಗೆಲ್ಲ ಗೊಜ್ಜಾಗಿತ್ತು. ಎರಡು ದಿನಕ್ಕೊಮ್ಮೆ ನಮ್ಮ ಜವರಪ್ಪ ಮಡಿಕೇರಿಯ ಕಡೆಯ ಯಾವುದೋ ತೋಟದಿಂದ ಫೋನ್ ಮಾಡುತ್ತಿದ್ದ: 'ಸಾ, ನಿಮ್ ಸರ್ವರ್ ಮಲಿಕ್ಕಂಡದೆ, ವಸಿ ಎಬ್ಬುರ್ಸಿ.' ನಾನು ಮಂಡಿ ಹಿಡಿದುಕೊಂಡು ಬಗ್ಗಿ, ಸ್ವಿಚ್ ಆರಿಸಿ ಹಾಕಬೇಕು. ಈ ವಯಸ್ಸಿನಲ್ಲಿ!

ಇದನ್ನು ಬದಲಾಯಿಸಲು ಗೋಕುಲಂನಿಂದ ಗುರುಕಿರಣ್ ಎಂಬುವನನ್ನು ಕರೆಸಿದರು. ಮಹಾನುಭಾವ! ಹಾಲಿಲ್ಲದ ಕಾಫಿ ಕುಡಿದು ಕಣ್ಣು ಮುಚ್ಚಿ ಉಸಿರು ಬಿಡುತ್ತಾನೆ, ಯೋಗಕ್ಕೆ ಬಂದ ಫಾರಿನ್ನವರನ್ನು ನೋಡಿ ಕಲಿತದ್ದಿರಬೇಕು. ಬಾಯಿ ತೆಗೆದರೆ 'ಜರ್ನಿ' ಅನ್ನುತ್ತಾನೆ. 'ಇದು ನಿಮ್ಮ ಕಂಪನಿಯ ಅಪ್‌ಗ್ರೇಡ್ ಜರ್ನಿ ಸಾರ್.' ಜರ್ನಿ ಮಾಡಿ ಸೊಂಟ ಮುರಿದುಕೊಳ್ಳುವವನು ಜವರಪ್ಪ, ಇವನು ತಿರುಗುವ ಕುರ್ಚಿಯಲ್ಲಿ ಅತ್ತಿತ್ತ ತಿರುಗುತ್ತಾನೆ ಅಷ್ಟೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ ನೋಡು, ನನಗೆ ಇನ್ನೂ ಹೇಸಿಗೆಯಾದದ್ದು ಅದಕ್ಕೇ. ಪೆಟ್ಟಿಗೆ ಬೇಡ, ಲೆಕ್ಕವೆಲ್ಲ ಹೊರಗಿನ ಬಾಡಿಗೆ ಮೆಷಿನ್ನಿನಲ್ಲಿರಲಿ, ಊರೂರು ತಿರುಗುವ ಒಬ್ಬೊಬ್ಬನಿಗೂ ಅವನದೇ ಹೆಸರು, ಅವನದೇ ಪಾಸ್‌ವರ್ಡು ಇರಲಿ, ಮೊಬೈಲ್ ಕಳೆದರೆ ಇಲ್ಲಿಂದಲೇ ಬಾಗಿಲು ಹಾಕಬಹುದು, ಎಂದ. ಪರ್‌ಫೆಕ್ಟ್‌ಲಿ ರೀಸನಬಲ್. ಆಮೇಲೆ ಗೋಡೆಯ ಮೇಲೆ ಬೆಳಕು ಬಿಟ್ಟು, ಈಗ ಪೆಟ್ಟಿಗೆಯನ್ನು ಯಾರು ಎಷ್ಟು ಬಳಸುತ್ತಾರೆಂದು ತೋರಿಸಿದ.

'ಇದೊಂದು ಅರ್ಥ ಆಗ್ಲಿಲ್ಲ ಸಾರ್. ಪ್ರೇಮಲೀಲಾ ಅಂತ ಒಬ್ರು ಮೇಡಂ. ಬೆಳಿಗ್ಗೆ ಮಡಿಕೇರೀಲೂ ಇರ್ತಾರೆ, ಅದೇ ಹೊತ್ತಿಗೆ ಕೊಳ್ಳೇಗಾಲದಲ್ಲೂ ಇರ್ತಾರೆ. ಇವ್ರೊಬ್ರೇ ಇಡೀ ಕಂಪನಿ ನಡೆಸ್ತಿದಾರಾ?'

ಒಂದಿಬ್ಬರು ಹೊಸಬರು ನಕ್ಕರು. ಶಿವಪ್ರಕಾಶ್ ಮೇಜು ನೋಡಿದ. ಹಿಂದೆ ಕೂತಿದ್ದ ಜವರಪ್ಪ ಎದ್ದು ನನ್ನ ಕಡೆ ಕೈ ತೋರಿಸಿದ.

'ನಗಬ್ಯಾಡಿ ಕಣ್ರಪ್ಪ. ಅವ್ರು ನಮ್ಮ ಸಾಹೇಬ್ರ ಮನೆಯವ್ರು. ತೀರ್ಕಂಡು ಎರಡ್ ವರ್ಸ ಆಯ್ತು. ಅಮ್ನೋರ ಹೆಸ್ರು ಹೊಡ್ದೇ ನಾವೆಲ್ಲಾ ಒಳೀಕೆ ಬರೋದು.'

ನಿನಗೆ ಗೊತ್ತಲ್ಲ, ಅವಳು ಆಫೀಸಿನಲ್ಲೇ ಫೋನಿನ ಹತ್ತಿರ ಕೂತು ಆರ್ಡರ್ ಬರೆದುಕೊಳ್ಳುತ್ತಿದ್ದಳು. ಪೆಟ್ಟಿಗೆ ಬಂದಾಗ ಅದನ್ನು ಮೊದಲು ಕಲಿತವಳು ಅವಳೇ. ಹುಡುಗರಿಗೆ ಫೋನಿನಲ್ಲೇ ಹೇಳಿಕೊಟ್ಟಳು: 'ನನ್ನ ಹೆಸ್ರೇ ಹಾಕ್ರೋ, ಆಮೇಲೆ ಊರು ಯಾವ್ದು ಅಂತ ಕೇಳುತ್ತೆ, ಅದನ್ನ ಒತ್ತಿ.' ಹಾಕಿದರು. ಅವಳು ಹೋದ ಮೇಲೂ ಅದನ್ನೇ ಹಾಕಿದರು. ಬದಲಾಯಿಸಿ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದವನು ನಾನೇ.

ಗುರುಕಿರಣ್ ಕೆಂಪಗಾದ. 'ಸಾರಿ ಸಾರ್, ಗೊತ್ತಿರ್ಲಿಲ್ಲ' ಎಂದ. ಆಮೇಲೆ ಮೆಲ್ಲಗೆ, 'ಇನ್ನೊಂದಿದೆ ಸಾರ್. ಭಾನುವಾರ ನಿಮ್ಮೋರು ಯಾರೂ ಕೆಲಸ ಮಾಡಲ್ಲ ಅಂದ್ರಿ. ಆದ್ರೆ ಈ ಹೆಸರಲ್ಲಿ ಪ್ರತಿ ಭಾನುವಾರ ಹುಣಸೂರಿನಿಂದ ಯಾರೋ ಒಳಗೆ ಬರ್ತಿದಾರೆ' ಎಂದ.

ಯಾರೆಂದು ಹೇಳಲು ಜವರಪ್ಪನಿಗೆ ಹೊತ್ತು ಹಿಡಿಯಲಿಲ್ಲ. ಸುದರ್ಶನ. ನಮ್ಮಲ್ಲಿ ಹುಣಸೂರು ಲೈನ್ ನೋಡುತ್ತಿದ್ದು, ಕೆಲಸ ಬಿಟ್ಟು ಎದುರಾಳಿ ತಕ್ಕಡಿ ಕಂಪನಿ ಸೇರಿದವನು. ಪ್ರೇಮಾ ಕೈಯಾರೆ ಮಾಡಿದ ಉಪ್ಪಿಟ್ಟು ತಿಂದವನು. ಮುದ್ರೆ ಮುಗಿಯುವ ಅಂಗಡಿಗಳನ್ನು ಭಾನುವಾರ ನಮ್ಮ ಪೆಟ್ಟಿಗೆಯಲ್ಲೇ ನೋಡಿಕೊಂಡು, ಸೋಮವಾರ ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲುತ್ತಿದ್ದ. ಹುಣಸೂರಿನ ಗಿರಾಕಿಗಳು ಒಬ್ಬೊಬ್ಬರೇ ಯಾಕೆ ಜಾರುತ್ತಿದ್ದಾರೆಂದು ವರ್ಷದಿಂದ ನಮಗೆ ಗೊತ್ತಾಗಿರಲಿಲ್ಲ. ಕಳ್ಳತನಕ್ಕೆ ಅವನಿಗೆ ಬೇರೆ ಹೆಸರು ಸಿಗಲಿಲ್ಲವೇ ಸಿದ್ದಮಲ್ಲಪ್ಪ? ಥೂ! ಇಂಥ ಹೇಸಿಗೆಗೆ ಮೇಷ್ಟ್ರು ಒಂದು ಪದ ಹೇಳುತ್ತಿದ್ದರು, ಅಬಾಮಿನೇಬಲ್ಲೋ ಏನೋ. ಉಚ್ಚಾರ ತಪ್ಪಿರಬಹುದು, ಅರ್ಥ ತಪ್ಪಿಲ್ಲ.

'ಈ ಅಕೌಂಟಿಗೆ ಒಂದು ಮೊಬೈಲ್ ನಂಬರ್ ಸೇರಿಸಿದಾರೆ. ಯಾರದು?' ಎಂದು ಗುರುಕಿರಣ್ ಕೇಳಿದ. 'ಯಾವುದೋ ಹಳೇದು' ಎಂದು ನಾನು ಮಾತು ಮುಗಿಸಿದೆ.

ಹೊಸದು ತಯಾರಾಗುವವರೆಗೂ ಕಾಯುವಂತಿಲ್ಲ, ಆ ಹೆಸರನ್ನು ಇವತ್ತೇ ಮುಚ್ಚಬೇಕು ಎಂದು ತೀರ್ಮಾನವಾಯಿತು. 'ಅಂಕಲ್, ನೀವು ಹ್ಞೂಂ ಅಂದ್ರೆ ಮಾತ್ರ' ಎಂದ ಶಿವಪ್ರಕಾಶ್. ಎಲ್ಲರೂ ನನ್ನ ಮುಖ ನೋಡುತ್ತಾ ಕೂತರು, ಸಾವಿನ ಮನೆಗೆ ಬಂದವರ ಹಾಗೆ. ಆ ಮರುಕ ನೋಡಿ ನನಗೆ ಸುದರ್ಶನನ ಮೇಲಿನದಕ್ಕಿಂತ ಹೆಚ್ಚು ಅಸಹ್ಯವಾಯಿತು. ಹ್ಞೂಂ ಎಂದೆ. ಆವತ್ತೇ, ಶುಕ್ರವಾರ ಮಧ್ಯಾಹ್ನ, ಮುಚ್ಚಿದರು. ಜವರಪ್ಪನಿಗೆ ಈಗ ಅವನದೇ ಹೆಸರು. 'ನನ್ ಎಸ್ರು ನಾನೇ ಒಡ್ಕಳಾದು ಒಂಥರಾ ನಾಚ್ಕೆ ಆಯ್ತದೆ ಸಾ' ಅನ್ನುತ್ತಾನೆ.

ಪೆಟ್ಟಿಗೆ ಮುಂದಿನ ತಿಂಗಳು ಗುಜರಿಗೆ. ಹುಳಿಯ ಕಲೆ ಸಮೇತ ಹೋಗಲಿ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮೊಮ್ಮಗಳು ವರ್ಷಿಣಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಇಂಗ್ಲಿಷ್ ನಮಗಿಂತ ಚೆನ್ನಾಗಿ ಕಲಿಯಲಿ. ನಿಮ್ಮೆಲ್ಲರನ್ನೂ ಆ ನಂಜುಂಡ ತಣ್ಣಗಿಟ್ಟಿರಲಿ.

ನಿನ್ನ
ಮಹದೇವಪ್ರಸಾದ್

ತಾ.ಕ.: ಆ ಹಳೇ ನಂಬರ್ ನನ್ನದೇ. ಪೆಟ್ಟಿಗೆ ಬಂದ ಹೊಸದರಲ್ಲಿ ಪ್ರೇಮಾ ಹತ್ತಿರ ಮೊಬೈಲ್ ಇರಲಿಲ್ಲ, ನನ್ನದನ್ನೇ ಕೊಟ್ಟಿದ್ದಳು. ಯಾರಾದರೂ ಅವಳ ಹೆಸರಿನಲ್ಲಿ ಒಳಗೆ ಬಂದರೆ ನನ್ನ ಮೊಬೈಲಿಗೆ ಒಂದು ಮೆಸೇಜು ಬರುತ್ತಿತ್ತು. 'ಪ್ರೇಮಲೀಲಾ ಹ್ಯಾಸ್ ಎಂಟರ್ಡ್. ಪ್ಲೇಸ್: ಮಡಿಕೇರಿ.' ಅವಳು ಮಡಿಕೇರಿ ನೋಡಿದವಳಲ್ಲ. ಹುಡುಗರೆಂದು ಗೊತ್ತಿತ್ತು, ಆದರೂ ಓದುತ್ತಿದ್ದೆ. ಭಾನುವಾರ ಯಾರೂ ಇಲ್ಲದ ಮನೆಯಲ್ಲಿ ಕಾಫಿ ಸೋಸುವ ಹೊತ್ತಿಗೆ ಸರಿಯಾಗಿ ಒಂದು ಬರುತ್ತಿತ್ತು, ಹುಣಸೂರಿನಿಂದ. ಭಾನುವಾರ ಯಾರ ಕೆಲಸ ಎಂದು ನಾನು ಕೇಳಲೇ ಇಲ್ಲ. ವಾರವೆಲ್ಲ ನಾನು ಕಾಯುತ್ತಿದ್ದದ್ದು ಅದೊಂದಕ್ಕೇ. ಅದು ಆ ಕಳ್ಳನದು.

ನಿನ್ನೆ ಭಾನುವಾರ. ಮೊಬೈಲನ್ನು ಲೋಟದ ಪಕ್ಕ ಇಟ್ಟುಕೊಂಡು ಕೂತೇ ಇದ್ದೆ ಕಣೋ. ಕಾಫಿ ಆರಿಹೋಯಿತು.