ಉರುಳದ ಗಾರ್ಡ್ ಡಬ್ಬಿ

3 ಮಾರ್ಚ್, ಸೋಮವಾರ

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ಸೋದರತ್ತೆ. ಒಂದು ಬೇಸಿಗೆ ರಜೆಯಲ್ಲಿ, ತಾರಸಿಯ ಮೇಲೆ, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು. ನನಗಾಗ ಒಂಬತ್ತೋ ಹತ್ತೋ. ಜೋರು ಮಳೆ, ಗೂಡ್ಸ್ ಗಾಡಿ ಏರು ಹತ್ತುತ್ತಿದೆ, ನಡುವೆ ಎಲ್ಲೋ ಕೊಂಡಿ ಕಡಿಯಿತು, ಹಿಂದಿನ ಡಬ್ಬಿಗಳೆಲ್ಲ ಬಂದ ದಾರಿಯಲ್ಲೇ ವಾಪಸ್ ಓಡಲು ಹಿಡಿದವು. ಕಟ್ಟಕಡೆಯ ಡಬ್ಬಿಯಲ್ಲಿ ಗಾರ್ಡ್ ಒಬ್ಬನೇ. "ನಿಮ್ಮಪ್ಪ ಕಣೇ! ಹಾರಿಬಿಟ್ಟ ನೋಡು. ಹಾರದೆ ಏನ್ ಮಾಡ್ತಾನೆ, ನಿಮ್ಮಮ್ಮನ ಹೊಟ್ಟೇಲಿ ನೀನಿದ್ದೆ." ಡಬ್ಬಿಗಳು ಹೋಗಿ ರೈಲ್ವೆ ಗೇಟಿನ ಮನೆಗೆ ಬಡಿದವು. ಗೇಟಿನವನ ಕಾಲು ಹೋಯಿತು.

ಮರುದಿನ ಬೆಳಿಗ್ಗೆ ನಾವೆಲ್ಲ ಕಾಂಪೌಂಡ್ ಗೋಡೆಯಿಂದ ಹಾರುವ ಆಟ ಆಡಿದೆವು. ನಾನೇ ಗಾರ್ಡ್. ಅಪ್ಪ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ಅದೇ ಗಾರ್ಡ್ ಡಬ್ಬಿ ಈಗ ನನ್ನ ಮೇಜಿನ ಮೇಲೆ. ಅಂಗೈಯೊಳಗೆ ಕೂರುವಷ್ಟು ಪುಟ್ಟ ಮಾದರಿ. ಇವತ್ತು ಎಡಗೋಡೆಯ ಹಲಗೆ ಮುಗಿಯಿತು. ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮೇಣ ಕೆತ್ತುವ ಚಾಕುವಿನಲ್ಲಿ ಗೀರಿದರೆ ಹಲಗೆಯ ಸಂದಿನ ಹಾಗೇ ಕಾಣುತ್ತದೆ. ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನ ಉಪಕರಣಗಳೆಲ್ಲ ಇದಕ್ಕೇ ಹುಟ್ಟಿದವೇನೋ ಅನ್ನಿಸುತ್ತದೆ.

ಅಪ್ಪ ಬಾಗಿಲಲ್ಲಿ ಇಣುಕಿದರು. ಕರ್ಚೀಫು ಮುಚ್ಚಿದೆ.

"ಏನೇ ಪುಟ್ಟಿ ಅದು?"

"ಹಲ್ಲು, ಅಪ್ಪಾ."

"ಯಾರದು? ಆನೇದಾ?"

ಐವತ್ತೆರಡು ವರ್ಷದ ಹೆಂಗಸು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹೇಗಿರುತ್ತದೋ ಹಾಗಿದ್ದೆ.

5 ಮಾರ್ಚ್, ಬುಧವಾರ

ಲ್ಯಾಬಿನಲ್ಲಿ ಎರಡು ಸೆಟ್ಟು ಹಲ್ಲು. ಮನೆಗೆ ಬಂದು ಡಬ್ಬಿಯ ಬಾಲ್ಕನಿ, ಕೈಬ್ರೇಕಿನ ಚಕ್ರ. ಹಿತ್ತಾಳೆ ತಂತಿಯದು, ಅಂಗಿಯ ಗುಂಡಿಯಷ್ಟೂ ಇಲ್ಲ. ಎರಡು ಸಲ ಚಿಮ್ಮಿ ಮಂಚದಡಿ ಹೋಯಿತು. ನಮ್ಮ ಯಜಮಾನರು ಟಾರ್ಚ್ ಹಿಡಿದು ತೆವಳಿ ಹುಡುಕಿಕೊಟ್ಟರು. "ನಿಮ್ಮಪ್ಪನ ಬ್ರೇಕು ನನ್ನ ಸೊಂಟ ಮುರೀತಿದೆ" ಅಂದರು. ಅಂದವರೇ ಹಿಂದೆ ತಿರುಗಿ ನೋಡಿದರು, ಅಪ್ಪನಿಗೆ ಕೇಳಿಸಿತೇನೋ ಅಂತ. ನಮ್ಮ ಮನೆಯಲ್ಲಿ ಬ್ರೇಕು ಅನ್ನುವ ಮಾತಿಗೆ ದನಿ ತಗ್ಗುತ್ತದೆ. ಕಾರಿನದಾದರೂ ಅಷ್ಟೇ.

ನಮ್ಮ ಮಾಡೆಲ್ ರೈಲು ಕ್ಲಬ್ಬಿನವರು ಲೈಬ್ರರಿಯ ಹಿಂದಿನ ಹಾಲಿನಲ್ಲಿ ನಮ್ಮೂರಿನ ಹಳೆಯ ರೈಲು ದಾರಿಯನ್ನು ಉದ್ದ ಮೇಜಿನ ಮೇಲೆ ಕಟ್ಟುತ್ತಿದ್ದಾರೆ. ಹಳಿ ಕಿತ್ತುಹಾಕುವುದಕ್ಕೆ ಮುಂಚೆ ಹೇಗಿತ್ತೋ ಹಾಗೆ. ಆ ಮೇಜಿಗೆ ನಾವು ಲೇಔಟ್ ಅನ್ನುತ್ತೇವೆ. ಲೇಔಟ್ ಕೆಲಸಕ್ಕೆ ಹೋಗುತ್ತೇನೆ ಅಂದರೆ ಪಕ್ಕದ ಮನೆಯಾಕೆ "ಸೈಟ್ ತಗೊಂಡ್ರಾ?" ಅಂತ ಕೇಳುತ್ತಾಳೆ. ನಾನು ಗಾರ್ಡ್ ಡಬ್ಬಿಗಳ ಹೊಣೆ ಹೊತ್ತಿದ್ದೇನೆ. ಉಳಿದವನ್ನು ನಕ್ಷೆ ನೋಡಿ ಮಾಡಿದೆ. ಇದೊಂದು ಬೇರೆ ನಮೂನೆ. ಇದರ ನಕ್ಷೆಯಲ್ಲಿ ಗೋಡೆಗಳಿವೆ, ಹೊಟ್ಟೆಯಿಲ್ಲ. ಹೊಟ್ಟೆ ಕಾಣುವುದು ಒಂದೇ ಫೋಟೋದಲ್ಲಿ. ಅಪಘಾತದ ಮರುದಿನದ್ದು. ಡಬ್ಬಿ ಮಗ್ಗುಲಾಗಿ ಬಿದ್ದಿದೆ, ಚಕ್ರ, ಬ್ರೇಕಿನ ಸಲಾಕೆ, ಎಲ್ಲ ಕ್ಯಾಮೆರಾದ ಕಡೆಗೆ. ಯಾರೋ ಸ್ಟುಡಿಯೋದವನು ಹೊಡೆದದ್ದು, ಕ್ಲಬ್ಬಿನ ಕಾರ್ಯದರ್ಶಿಗೆ ಸಿಕ್ಕಿದೆ.

ಇದನ್ನು ನೋಡಿಕೊಂಡು ಕೆಲಸ ಮಾಡುವುದು ಕಷ್ಟ. ಆದರೆ ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ.

9 ಮಾರ್ಚ್, ಭಾನುವಾರ

ಕಾರ್ಯದರ್ಶಿ ಫೋನ್ ಮಾಡಿದ್ದರು. ಜೇಬಿನಲ್ಲಿ ಸದಾ ಉಕ್ಕಿನ ಅಳತೆಪಟ್ಟಿ ಇಟ್ಟುಕೊಂಡಿರುವುದರಿಂದ ಎಲ್ಲರಿಗೂ ಅವರು ಸ್ಕೇಲ್ ಸಾಹೇಬರು. ಮೂವತ್ತಕ್ಕೆ ಉದ್ಘಾಟನೆ. ಮೊದಲು ಏರು ಹತ್ತುವುದು ಗೂಡ್ಸ್ ಗಾಡಿ, ಅದರ ಬಾಲಕ್ಕೆ ಈ ಡಬ್ಬಿ.

"ನಿಮ್ಮ ತಂದೆಯವರು ಬರ್ತಾರಲ್ವಾ ಮೇಡಂ?"

ಕೇಳಿ ನೋಡುತ್ತೇನೆ ಅಂದೆ. ಅಲ್ಲಿ ಬರುವ ಮುದುಕರಿಗೆಲ್ಲ ಅಪ್ಪ ಇನ್ನೂ ಹಾರಿದ ಗಾರ್ಡೇ.

ಡಬ್ಬಿಗಳು ಹಿಂದೆ ಓಡಿದರೆ ಕೈಬ್ರೇಕ್ ಬಿಗಿದು ತಡೆಯಬೇಕಾದವನು ಗಾರ್ಡ್. ವಿಚಾರಣೆಯಲ್ಲಿ ಕೇಳಿದ್ದರಂತೆ: ಬ್ರೇಕ್ ಹಾಕಿದೆಯಾ, ಇಲ್ಲವಾ? ಅಪ್ಪ ತಿರುವಿನ ಹತ್ತಿರ ಹಳಿಯ ಪಕ್ಕ ತಲೆಯೊಡೆದು ಸಿಕ್ಕಿದ್ದರು. ಕೊಂಡಿ ಕಡಿದ ಸದ್ದು ನೆನಪಿತ್ತು, ಬ್ರೇಕಿನ ಕಡೆ ಓಡಿದ್ದು ನೆನಪಿತ್ತು. ಆಮೇಲೆ ಆಸ್ಪತ್ರೆಯ ಸೂರು. ನಡುವಿನದು ಅಳಿಸಿಹೋಗಿತ್ತು. ಹಾಕಿದೆ ಅಂದಿದ್ದರೆ ಆಗುತ್ತಿತ್ತು. "ಗೊತ್ತಿಲ್ಲ" ಅಂದರು. ಆ ಒಂದು ಮಾತು ಕೆಲಸವನ್ನು ತಿಂದಿತು. ಗಾರ್ಡಾಗಿದ್ದವರು ಪಾರ್ಸೆಲ್ ಆಫೀಸಿನಲ್ಲಿ ಚೀಟಿ ಅಂಟಿಸಿಕೊಂಡು ನಿವೃತ್ತರಾದರು.

ಜನ ಏನಂದುಕೊಂಡರು ಅನ್ನುವುದಲ್ಲ. ಅವರಿಗೇ ಗೊತ್ತಿಲ್ಲ. ಎಂಬತ್ತೈದಾಯಿತು. ಈಗಲೂ ಕೆಲವು ಸಲ ಕುರ್ಚಿಯಲ್ಲಿ ಕೂತು ಎರಡೂ ಕೈ ಮುಂದೆ ಚಾಚಿ ಏನನ್ನೋ ತಿರುಗಿಸಿ ನೋಡುತ್ತಾರೆ… ನಾನು ಬಂದರೆ ಪೇಪರ್ ಎತ್ತಿಕೊಳ್ಳುತ್ತಾರೆ.

15 ಮಾರ್ಚ್, ಶನಿವಾರ

ಮಾನ ಹೋಯಿತು.

ಟ್ರಯಲ್. ಡಬ್ಬಿಯನ್ನು ಹಳಿಗಿಟ್ಟೆ. ಎಲ್ಲರೂ ಹೊಗಳಿದರು. ಎಂಜಿನ್ ಎಳೆಯಿತು, ಗೂಡ್ಸ್ ಡಬ್ಬಿಗಳು ಹೊರಟವು, ನನ್ನದು ಮಾತ್ರ ಹಟ ಹಿಡಿದ ಕತ್ತೆಯ ಹಾಗೆ. ಉರುಳಲಿಲ್ಲ. ಜಾರಿತು. ಕಿರ್ರ್ ಅನ್ನುತ್ತ ಜಾರಿ, ಏರಿನಲ್ಲಿ ಇಡೀ ಗಾಡಿಯನ್ನು ನಿಲ್ಲಿಸಿಬಿಟ್ಟಿತು.

ಸ್ಕೇಲ್ ಸಾಹೇಬರು ತಿರುವಿ ಹಾಕಿ ನೋಡಿದರು. "ಇದೇನ್ ಮೇಡಂ! ಬ್ರೇಕ್ ಬ್ಲಾಕು ಚಕ್ರಕ್ಕೆ ಅಂಟ್ಕೊಂಡಿದೆ. ನಾಲ್ಕೂ! ಕಾಗದ ತೂರೋಷ್ಟು ಸಂದು ಬಿಡ್ಬೇಕು ಅಂತ ನನಗೆ ಹೇಳಿಕೊಟ್ಟಿದ್ದೇ ನೀವು."

"ಹಲ್ಲು ಕಚ್ಕೊಂಡಿದೆ ಬಿಡಿ" ಅಂದ ಯಾರೋ. ಹಾಲೆಲ್ಲ ನಗು.

"ಫೋಟೋದಲ್ಲಿ ಇದ್ದ ಹಾಗೇ ಮಾಡಿದ್ದೀನಿ" ಅಂದೆ. ಲ್ಯಾಬಿನ ಅಭ್ಯಾಸ. ದವಡೆಯ ಅಚ್ಚಿನಲ್ಲಿ ಏನಿದೆಯೋ ಅದನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸಿದರೆ ರೋಗಿಯ ಬಾಯಿಗೆ ಕೂರುವುದಿಲ್ಲ.

ಅದೇ ದಿನ, ಸಂಜೆ

ಬಸ್ಸಿನಲ್ಲಿ ಬರುವಾಗ ಡಬ್ಬಿ ಮಡಿಲಲ್ಲಿತ್ತು. ಹೆಬ್ಬೆರಳಿನಲ್ಲಿ ಚಕ್ರ ತಿರುಗಿಸಲು ನೋಡುತ್ತಿದ್ದೆ. ತಿರುಗಲಿಲ್ಲ. ಫೋಟೋದಲ್ಲಿ ಇದ್ದ ಹಾಗೇ ಮಾಡಿದ್ದೀನಿ…

ನನ್ನದೇ ಮಾತು ನನಗೆ ಈಗ ಕೇಳಿಸಿತು.

ಇಳಿಯುವ ಸ್ಟಾಪು ಹಿಂದೆ ಹೋಯಿತು. ಮನೆಗೆ ಓಡಿ ಬಂದು ಫೋಟೋಕ್ಕೆ ಲೆನ್ಸ್ ಹಿಡಿದು ನೋಡಿದೆ. ನಾಲ್ಕು ಚಕ್ರ, ನಾಲ್ಕಕ್ಕೂ ಬ್ಲಾಕು ಒತ್ತಿಕೊಂಡಿದೆ. ಸಂದಿಲ್ಲ.

ಅಂದರೆ, ಬ್ರೇಕ್ ಹಾಕಿಯೇ ಇತ್ತು.

ಅಪ್ಪ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಾರೆ. ಹೋಗಿ ಹೇಳಲೇ? ತಪ್ಪಾಗಿದ್ದರೆ?

16 ಮಾರ್ಚ್, ಭಾನುವಾರ

ಸ್ಕೇಲ್ ಸಾಹೇಬರ ಮನೆಗೆ ಹೋದೆ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಚಕ್ರ ನೋಡಿದರು.

"ಮತ್ತೆ ವಿಚಾರಣೆಯವರಿಗೆ ಯಾಕೆ ಕಾಣಲಿಲ್ಲ?" ಅಂದೆ.

"ಅವರು ಬರೋ ಹೊತ್ತಿಗೆ ಡಬ್ಬೀನ ಎತ್ತಿ ಶೆಡ್ಡಿಗೆ ಎಳ್ಕೊಂಡು ಹೋಗಿದ್ರಂತೆ. ಎಳೀಬೇಕಾದ್ರೆ ಬ್ರೇಕ್ ಬಿಚ್ಚಲೇಬೇಕಲ್ಲ." ಆಮೇಲೆ ಅಳತೆಪಟ್ಟಿಯನ್ನು ತೆಗೆದು ಮತ್ತೆ ಜೇಬಿಗಿಟ್ಟರು. "ಆದ್ರೆ ಮೇಡಂ, ಕೋಪ ಮಾಡ್ಕೋಬೇಡಿ. ಬಡಿದ ರಭಸಕ್ಕೆ ಸಲಾಕೆ ಬಗ್ಗಿ ಬ್ಲಾಕು ತಾನಾಗೇ ಒತ್ತಿಕೊಂಡಿರಬಹುದು."

ಅದೂ ನಿಜ.

"ಒಂದು ದಾರಿ ಇದೆ. ಬ್ರೇಕ್ ಹಿಡಿದ ಚಕ್ರ ಒದ್ದೆ ಹಳಿ ಮೇಲೆ ಉರುಳದೆ ಜಾರಿದ್ರೆ, ಹಳಿಗೆ ತಾಗಿದ ಜಾಗ ಉಜ್ಜಿ ಚಪ್ಪಟೆ ಆಗಿರುತ್ತೆ. ಬಡಿದದ್ದರಿಂದ ಹಾಗಾಗಲ್ಲ. ಸ್ಟುಡಿಯೋದವನ ಮಗನ ಹತ್ರ ನೆಗೆಟಿವ್ ಇದ್ರೆ ದೊಡ್ಡದು ಮಾಡಿಸೋಣ."

ಇದ್ದರೆ.

22 ಮಾರ್ಚ್, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಲ್ಯಾಬಿನಲ್ಲಿ ಒಬ್ಬರ ಮೇಲಿನ ಸೆಟ್ಟಿಗೆ ಇನ್ನೊಬ್ಬರ ಕೆಳಗಿನದು ಜೋಡಿಸಿ ಬೈಸಿಕೊಂಡೆ. ಅಪ್ಪನ ಮುಖ ನೋಡಲು ಹೆದರಿಕೆ. "ಏನೇ, ಸಾಲಗಾರರ ಥರ ತಪ್ಪಿಸ್ಕೊಂಡು ಓಡಾಡ್ತೀಯಾ?" ಅಂದರು.

ಇವತ್ತು ಪ್ರಿಂಟ್ ಬಂತು. ಕ್ಯಾಲೆಂಡರಿನಷ್ಟು ದೊಡ್ಡದು. ನಾನು ಬಿಚ್ಚಲಿಲ್ಲ. ಇವರೇ ಬಿಚ್ಚಿದರು. ನೋಡಿದರು. ನನ್ನ ಕಡೆ ತಳ್ಳಿದರು.

ನಾಲ್ಕು ಚಕ್ರ. ನಾಲ್ಕರಲ್ಲೂ ಒಂದೊಂದು ಕಡೆ, ಚಾಕುವಿನಿಂದ ಹೆರೆದ ಹಾಗೆ, ಚಪ್ಪಟೆ. ಹೊಳೆಯುತ್ತಿದೆ. ಚಿಕ್ಕ ಫೋಟೋದಲ್ಲಿ ಅದನ್ನು ಪ್ರಿಂಟಿನ ಕಲೆ ಅಂದುಕೊಂಡು ನಾನು ದುಂಡಗೆ ಮಾಡಿಬಿಟ್ಟಿದ್ದೆ.

ಬ್ರೇಕ್ ಹಾಕಿದ್ದರು. ಬಿಗಿಯಾಗಿ, ಕೊನೆಯವರೆಗೆ. ಬ್ರೇಕ್ ಹಿಡಿದಿತ್ತು. ಏರಿನ ಮೇಲುಗಡೆ ಇದ್ದ ಡಬ್ಬಿಗಳ ಭಾರ ಇದನ್ನು ತಳ್ಳಿಕೊಂಡು ಹೋಯಿತು. ತಿರುವಿನಲ್ಲಿ ಅಪ್ಪನನ್ನು ಎಸೆಯಿತು.

"ಹೇಳ್ತೀಯಾ?" ಅಂದರು ಇವರು.

"ಹೇಳಬಾರದಾ?"

"ಹೇಳು. ಆದ್ರೆ ಯೋಚನೆ ಮಾಡು. ಇಷ್ಟು ವರ್ಷ ಹೊತ್ತಿದ್ದನ್ನ ಒಂದೇ ಸಲ ಕೆಳಗಿಳಿಸಿದ್ರೆ, ಮುದುಕರು ಮುಗ್ಗರಿಸ್ತಾರೆ ಕಣೇ."

27 ಮಾರ್ಚ್, ಗುರುವಾರ

ಇನ್ನೂ ಹೇಳಿಲ್ಲ. ಎರಡು ಸಲ ಬಾಗಿಲವರೆಗೆ ಹೋದೆ. ಒಮ್ಮೆ ಅಪ್ಪ ನಿದ್ದೆ. ಇನ್ನೊಮ್ಮೆ ಎಚ್ಚರವಾಗಿದ್ದರು, ಅದಕ್ಕೇ ವಾಪಸ್ ಬಂದೆ.

ಉದ್ಘಾಟನೆ ನೋಡಲು ಸೋದರತ್ತೆ ಬಂದಿಳಿದರು. ಎರಡು ಚೀಲ, ಒಂದು ಬಾಯಿ. ಆ ಬಾಯಿ ಎಂಬತ್ತರಲ್ಲೂ ಸುಸ್ತಾಗಿಲ್ಲ.

29 ಮಾರ್ಚ್, ಶನಿವಾರ, ಸಂಜೆ

ಆಗಿಹೋಯಿತು.

ಪಕ್ಕದ ಮನೆಯಾಕೆ ಬಂದಿದ್ದಳು. ಅತ್ತೆಗೆ ಹೊಸ ಕಿವಿ ಸಿಕ್ಕಿದ್ದೇ ತಡ, ಕಥೆ ಶುರು. ಅಪ್ಪ ಅಲ್ಲೇ ಕುರ್ಚಿಯಲ್ಲಿ. ಜೋರು ಮಳೆ ಬಂತು, ಗೂಡ್ಸ್ ಗಾಡಿ ಏರು ಹತ್ತಿತು, ಕೊಂಡಿ ಕಡಿಯಿತು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಎಂದಿನಂತೆ ನೆಲ ನೋಡುತ್ತಿದ್ದರು, ಮಳೆ ನಿಲ್ಲಲಿ ಅಂತ ಅಂಗಡಿಯ ಮುಂದೆ ನಿಂತವರ ಹಾಗೆ.

"ಆಗ ನಮ್ಮಣ್ಣ ಏನ್ ಮಾಡಿದ ಅಂತೀಯಾ…"

"ಬ್ರೇಕ್ ಹಾಕಿದ್ರು" ಅಂದೆ.

ಅತ್ತೆ ಬಾಯಿ ತೆರೆದುಕೊಂಡೇ ಇದ್ದರು. ಒಳಗೆ ಹೋಗಿ ಡಬ್ಬಿ, ಫೋಟೋ, ಲೆನ್ಸ್ ತಂದು ಅಪ್ಪನ ಮಡಿಲಿಗಿಟ್ಟೆ. ನೆಲಕ್ಕೆ ಕೂತು, ಟ್ರಯಲ್ಲಿನಿಂದ ಹಿಡಿದು ಎಲ್ಲ ಹೇಳಿದೆ. ಅವರು ಚಕ್ರವನ್ನು ಬೆರಳಲ್ಲಿ ತಿರುಗಿಸಲು ನೋಡಿದರು. ಇನ್ನೊಂದು. ಮತ್ತೊಂದು.

"ನಿಜ ಹೇಳ್ತಿದೀಯಾ, ನನ್ನ ಸಮಾಧಾನಕ್ಕೆ ಹೇಳ್ತಿದೀಯಾ?"

"ಸಮಾಧಾನಕ್ಕೆ ಬೇಕಂತ ಮಾಡಿದ್ದಾಗಿದ್ರೆ ಟ್ರಯಲ್ಲಿಗೆ ಒಯ್ತಾನೇ ಇರಲಿಲ್ಲ, ಅಪ್ಪಾ. ನಾಲ್ಕು ಜನರ ಎದುರು ನಗೆಪಾಟಲಾಗ್ತಿರಲಿಲ್ಲ."

ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದರು. ಬಹಳ ಹೊತ್ತು.

"ಆದ್ರೂ ಆ ಗೇಟಿನವನ ಕಾಲು ಹೋಯ್ತಲ್ಲ" ಅಂದರು.

"ಹೋಯ್ತು, ಅಪ್ಪಾ."

"ಹೂಂ." ಮತ್ತೆ ಲೆನ್ಸ್ ಹಿಡಿದರು. "ಹಾಕಿದ್ದೆ, ಹಾಗಾದ್ರೆ."

ಅತ್ತೆ ಸೆರಗು ಕೊಡವಿ ಎದ್ದರು. "ನಾನೇನು ಆ ಡಬ್ಬೀಲಿದ್ನಾ? ಜನ ಹೇಳಿದ್ದು ನಾನು ಹೇಳ್ದೆ" ಅಂತ ಗೊಣಗುತ್ತ ಅಡುಗೆಮನೆಗೆ ಹೋದರು. ಪಾತ್ರೆಗಳಿಗೆ ಗ್ರಹಚಾರ.

ಅಪ್ಪ ಡಬ್ಬಿಯನ್ನು ವಾಪಸ್ ಕೊಡಲಿಲ್ಲ.

30 ಮಾರ್ಚ್, ಭಾನುವಾರ, ಬೆಳಿಗ್ಗೆ

ಎದ್ದಾಗ ಅತ್ತೆ ಆಗಲೇ ಫೋನಿನಲ್ಲಿ. "ಹಾರಿದ್ದಲ್ಲ ಕಣೇ, ಎಸೆದುಬಿಡ್ತು! ಅಂಗೈಯೆಲ್ಲ ಬೊಬ್ಬೆ ಬರೋ ಹಾಗೆ ತಿರುಗಿಸಿದ್ದ ನಮ್ಮಣ್ಣ. ಏನು? ನಾನು ಯಾವತ್ತೂ ಹೀಗೇ ಹೇಳಿದ್ದು!" ಬೊಬ್ಬೆ ಎಲ್ಲಿಂದ ಬಂತೋ. ಇದು ಮೂರನೆಯ ಫೋನಂತೆ, ಇವರು ಹೇಳಿದರು. ಪಕ್ಕದ ಮನೆಯಾಕೆ ತನ್ನ ಗಂಡನನ್ನು ಕರೆದುಕೊಂಡು ಬಂದು ಫೋಟೋ ನೋಡಿಕೊಂಡು ಹೋದಳು.

ಅಪ್ಪ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಶರಟು ಹಾಕಿಕೊಂಡು, ನನ್ನ ಕೆಲಸದ ಮೇಜಿಗೆ ಬಂದು ಕೂತಿದ್ದಾರೆ. ಡಬ್ಬಿ ಅಂಗಾತ.

"ಇದು ಹೀಗಿದ್ರೆ ಗಾಡಿ ಏರು ಹತ್ತಲ್ಲ, ಅಲ್ವಾ?"

"ಇದನ್ನ ಹೀಗೇ ಇಡೋಣ ಅಪ್ಪಾ. ಸಾಕ್ಷಿ. ಇವತ್ತಿಗೆ ಬೇರೆ ಡಬ್ಬಿ ಹಾಕಿದ್ರಾಯ್ತು."

"ಸಾಕ್ಷಿಗೆ ಫೋಟೋ ಇದೆ. ಗಾಡಿ ನಿಲ್ಲಿಸಿ ಇಟ್ಕೊಳ್ಳೋಕಲ್ಲ ಗಾರ್ಡ್ ಇರೋದು." ಕನ್ನಡಕ ಏರಿಸಿಕೊಂಡರು. "ಬಿಚ್ಚು."

ಹಲ್ಲಿನ ಡ್ರಿಲ್ ತಂದೆ. ಅವರ ಕೈ ನಡುಗುತ್ತದೆ. ಡ್ರಿಲ್ ನಾನು ಹಿಡಿದೆ, ನನ್ನ ಮಣಿಕಟ್ಟನ್ನು ಅವರು ಹಿಡಿದರು. ಬ್ಲಾಕನ್ನು ಕಾಗದ ತೂರುವಷ್ಟೇ ಸವೆಸುವುದು, ಊದುವುದು, ಬೆರಳಲ್ಲಿ ತಿರುಗಿಸಿ ನೋಡುವುದು. ತಿರುಗಿದಾಗಲೆಲ್ಲ ತಲೆಯಾಡಿಸುತ್ತಾರೆ.

ಮೂರು ಚಕ್ರ ಆಯಿತು. ನಡುವೆ ಕಾಫಿ ತರುತ್ತೇನೆ ಅಂತ ಎದ್ದು ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಇಷ್ಟು ಗೀಚುತ್ತಿದ್ದೇನೆ. ಕೂಗುತ್ತಿದ್ದಾರೆ — ಪುಟ್ಟೀ, ಬೇಗ ಬಾ, ನಾಲ್ಕನೇದು